ಗಗನಯಾನದ ಮೇಲೆ ಹೊರಗಿನವರ ಕಣ್ಣು ಬೇಕೇ?

ಅಮೆರಿಕದ ನಾಸಾಕ್ಕೆ 1968ರಿಂದ ಒಂದು ಸುರಕ್ಷತಾ ಸಲಹಾ ಮಂಡಳಿ ಇದೆ. ಸದಸ್ಯರು ಹೆಚ್ಚೆಂದರೆ ಒಂಬತ್ತು. ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸುವ ನಮ್ಮ ಗಗನಯಾನಕ್ಕೂ ಅಂಥದ್ದೊಂದು ಮಂಡಳಿ, ಇಸ್ರೋದ ಹೊರಗೆ, ಬೇಕೇ? ಮುಂಬೈಯ ಇಬ್ಬರು ಕನ್ನಡಿಗರಿಗೆ ಒಂದೊಂದು ಕಡೆ ಕೊಟ್ಟು ಬರೆಯಲು ಕೇಳಿದೆವು.

ಪರ: ಓಡಿಸುವವರು ಬೇರೆ, ನೋಡುವವರು ಬೇರೆ
(ಡೊಂಬಿವಲಿಯ ನಿವೃತ್ತ ರೈಲ್ವೆ ಸಿಗ್ನಲ್ ಇಂಜಿನಿಯರ್)

ಬೇಕು. ಇದರಲ್ಲಿ ಎರಡು ಮಾತಿಲ್ಲ. ಕೆಲಸ ಮಾಡಿದವರೇ ತಮ್ಮ ಕೆಲಸಕ್ಕೆ ಸರ್ಟಿಫಿಕೇಟ್ ಕೊಟ್ಟುಕೊಳ್ಳಬಾರದು. ಅವರು ಮೋಸಗಾರರು ಅಂತಲ್ಲ. ತಾರೀಖು ಹತ್ತಿರ ಬಂದಾಗ ಎಂಥ ಪ್ರಾಮಾಣಿಕನಿಗೂ ಸಣ್ಣ ತಪ್ಪು ಇನ್ನೂ ಸಣ್ಣದಾಗಿ ಕಾಣುತ್ತದೆ.

ನಾಸಾದವರು ಇದನ್ನು ಜೀವ ತೆತ್ತು ಕಲಿತರು. 1967ರ ಜನವರಿ 27ರಂದು ಅಪೊಲೊ 1ರ ಕ್ಯಾಬಿನ್ ನೆಲದ ಮೇಲೆ ತಾಲೀಮು ನಡೆಯುತ್ತಿದ್ದಾಗಲೇ ಹೊತ್ತಿಕೊಂಡಿತು. ಗ್ರಿಸಮ್, ವೈಟ್, ಚಾಫಿ, ಮೂವರೂ ಹೋದರು. ಒಳಗೆ ತುಂಬಿದ್ದದ್ದು ಶುದ್ಧ ಆಮ್ಲಜನಕ. ಬಾಗಿಲು ಒಳಕ್ಕೆ ತೆರೆಯುವಂಥದ್ದು. ಒತ್ತಡ ಏರಿದ ಮೇಲೆ ಅದನ್ನು ಎಳೆಯಲು ಯಾರಿಂದಲೂ ಆಗುತ್ತಿರಲಿಲ್ಲ. ಅದಾದ ಮೇಲೆ ಅಮೆರಿಕದ ಸಂಸತ್ತು ಕಾನೂನು ಮಾಡಿ ಈ ಮಂಡಳಿ ಕೂರಿಸಿತು. ಅದು ನಾಸಾ ಮುಖ್ಯಸ್ಥರಿಗೂ ಸಂಸತ್ತಿಗೂ ವರದಿ ಕೊಡುತ್ತದೆ. ಸಭೆಯ ಒಂದು ಭಾಗ ಸಾರ್ವಜನಿಕರಿಗೂ ತೆರೆದಿರುತ್ತದೆ. ಈ ಕೊನೆಯ ಮಾತು ಗಮನಿಸಿ.

2019ರ ಡಿಸೆಂಬರಿನಲ್ಲಿ ಬೋಯಿಂಗ್‌ನ ಸ್ಟಾರ್‌ಲೈನರ್ ನೌಕೆ ಜನರಿಲ್ಲದೆ ಹಾರಿತು. ಗಡಿಯಾರ ತಪ್ಪಿ ಬಾಹ್ಯಾಕಾಶ ನಿಲ್ದಾಣ ಮುಟ್ಟಲಿಲ್ಲ. ಅದು ಎಲ್ಲರಿಗೂ ಗೊತ್ತಾಯಿತು. ಆದರೆ ಸಾಫ್ಟ್‌ವೇರಿನಲ್ಲಿ ಇನ್ನೊಂದು ದೋಷವೂ ಇತ್ತು. ವಾಪಸ್ ಬರುವಾಗ ಕಳಚಿಕೊಂಡ ಸರ್ವೀಸ್ ಮಾಡ್ಯೂಲ್, ಅಂದರೆ ಎಂಜಿನ್ ಇರುವ ಹಿಂಭಾಗ, ತಪ್ಪು ಥ್ರಸ್ಟರ್ ಉರಿಸಿ, ತಿರುಗಿ ಬಂದು ಕ್ಯಾಪ್ಸೂಲಿಗೇ ಗುದ್ದಬಹುದಿತ್ತು. ಇಳಿಯಲು ಕೆಲವೇ ಗಂಟೆ ಇದ್ದಾಗ ಸರಿ ಮಾಡಿದರು. ಈ ವಿಷಯ ಜನರಿಗೆ ತಿಳಿದದ್ದು 2020ರ ಫೆಬ್ರವರಿಯಲ್ಲಿ, ಇದೇ ಮಂಡಳಿಯ ಸಭೆಯಲ್ಲಿ. ಹೊರಗಿನವರು ಕೂತಿರದಿದ್ದರೆ ನಮಗೆ ಯಾವಾಗ ಗೊತ್ತಾಗುತ್ತಿತ್ತೋ!

ನಮ್ಮ ದೇಶಕ್ಕೆ ಇದೇನು ಹೊಸದಲ್ಲ. ರೈಲ್ವೆ ಸುರಕ್ಷತಾ ಆಯುಕ್ತರು, ನಮ್ಮ ಬಾಯಲ್ಲಿ ಸಿಆರ್‌ಎಸ್, ರೈಲ್ವೆ ಸಚಿವಾಲಯದ ಕೈಕೆಳಗೆ ಇಲ್ಲ. ನಾಗರಿಕ ವಿಮಾನಯಾನ ಸಚಿವಾಲಯದಲ್ಲಿ ಇದ್ದಾರೆ. 1941ರಲ್ಲೇ, ಬ್ರಿಟಿಷರ ಕಾಲದಲ್ಲೇ, ಅವರನ್ನು ರೈಲ್ವೆ ಬೋರ್ಡಿನಿಂದ ಬೇರೆ ಮಾಡಿದ್ದರು. ಮುಂಬೈಯಲ್ಲಿ ಮೆಟ್ರೋ ಲೈನ್ ತಯಾರಾಗಿ ನಿಂತಿದ್ದರೂ ‘ಸಿಆರ್‌ಎಸ್ ಇನ್ನೂ ಆಗಿಲ್ಲ’ ಅಂತ ಪೇಪರಿನಲ್ಲಿ ಓದುತ್ತೀರಲ್ಲ, ಅದು ಇವರ ತಪಾಸಣೆಯೇ.

ನಾನು ಕೆಲಸದಲ್ಲಿದ್ದಾಗ ಒಂದು ಹೊಸ ಲೈನ್ ತೆರೆಯಬೇಕಿತ್ತು. ಎಲ್ಲಿ ಅಂತ ಬರೆಯುವುದಿಲ್ಲ, ಆಗಿನವರು ಇನ್ನೂ ಇದ್ದಾರೆ. ಮಂತ್ರಿಗಳ ತಾರೀಖು ಸಿಕ್ಕಿತ್ತು, ಶಾಮಿಯಾನವೂ ಎದ್ದಿತ್ತು. ಸಿಆರ್‌ಎಸ್ ಸಾಹೇಬರು ಟ್ರಾಲಿಯಿಂದ ಇಳಿದು ಒಂದು ಪಾಯಿಂಟಿನ, ಅಂದರೆ ಗಾಡಿ ಹಳಿ ಬದಲಿಸುವ ಜಾಗದ, ಹತ್ತಿರ ಕುಕ್ಕರಗಾಲಲ್ಲಿ ಕೂತರು. ನಮ್ಮ ಮೇಂಟೇನರ್ ಕೈಯಿಂದ ಟೆಸ್ಟ್ ಪೀಸ್ ಇಸಕೊಂಡರು. ಐದು ಮಿಲಿಮೀಟರ್ ದಪ್ಪದ ಕಬ್ಬಿಣದ ತುಂಡು ಅದು. ಹೊರಳುವ ಹಳಿಗೂ ನಿಂತ ಹಳಿಗೂ ನಡುವೆ ಅದನ್ನಿಟ್ಟು ಪಾಯಿಂಟ್ ಹಾಕಿಸಬೇಕು. ಅಷ್ಟು ಸಂದಿ ಉಳಿದರೆ ಪಾಯಿಂಟ್ ಲಾಕ್ ಆಗಬಾರದು, ಗಾಡಿಗೆ ಹೋಗು ಅನ್ನುವ ಸಿಗ್ನಲ್ ಬೀಳಬಾರದು. ಅಷ್ಟೇ ಪರೀಕ್ಷೆ.

ಮೋಟಾರ್ ಗುರ್ ಅಂತು. ಲಾಕ್ ಆಗಿಬಿಟ್ಟಿತು.

ಯಾರೂ ಉಸಿರೆತ್ತಲಿಲ್ಲ. ಆಮೇಲೆ ನಮ್ಮ ದೊಡ್ಡ ಸಾಹೇಬರು ಮುಂದೆ ಹೋಗಿ ‘ಶಾಮ್ ತಕ್ ಠೀಕ್ ಕರ್ ದೇಂಗೆ, ಸಾಬ್’ ಅಂದರು. ‘ಮಾಡಿ. ಮಾಡಿದ ಮೇಲೆ ಕರೆಯಿರಿ, ಎಲ್ಲ ಪಾಯಿಂಟೂ ಮೊದಲಿನಿಂದ ನೋಡೋಣ’ ಅಂತ ಹೇಳಿ ಅವರು ಕೈ ಒರೆಸಿಕೊಂಡರು. ಶಾಮಿಯಾನ ಬಿಚ್ಚಿದರು. ಆ ಪಾಯಿಂಟನ್ನು ನಮ್ಮವರೇ ಚೆಕ್ ಮಾಡಿ ರಿಜಿಸ್ಟರಿನಲ್ಲಿ ಸಹಿ ಹಾಕಿದ್ದರು. ಕೆಟ್ಟ ಕೆಲಸಗಾರರಲ್ಲ. ಅವರ ತಲೆ ಮೇಲೆ ದೊಡ್ಡ ಸಾಹೇಬರಿದ್ದರು, ದೊಡ್ಡ ಸಾಹೇಬರ ತಲೆ ಮೇಲೆ ತಾರೀಖು ಇತ್ತು. ಸಿಆರ್‌ಎಸ್ ತಲೆ ಮೇಲೆ ಎರಡೂ ಇರಲಿಲ್ಲ. ಶ್ರೀಹರಿಕೋಟಾದಲ್ಲೂ ಅಂಥವರೊಬ್ಬರು ಬೇಕು ಅನ್ನುವುದಷ್ಟೇ ನನ್ನ ಮಾತು.

ಮಂಡಳಿ ಇದ್ದೂ ನಾಸಾದ ಶಟಲ್ ನೌಕೆ ಚಾಲೆಂಜರ್ ಸಿಡಿಯಲಿಲ್ಲವೇ, ಇನ್ನೊಂದು ಶಟಲ್ ಕೊಲಂಬಿಯಾ ಒಡೆಯಲಿಲ್ಲವೇ ಅಂತ ಕೇಳುವವರಿದ್ದಾರೆ. ಇದು ವಾದವಲ್ಲ, ತರಲೆ. ಮಂಡಳಿಯ ಅಧ್ಯಕ್ಷರಾಗಿದ್ದ ರಿಚರ್ಡ್ ಬ್ಲಾಂಬರ್ಗ್ 2002ರ ಏಪ್ರಿಲ್‌ನಲ್ಲೇ ಸಂಸತ್ತಿನ ಮುಂದೆ ಕೂತು, ಶಟಲ್ ಸುರಕ್ಷತೆ ಬಗ್ಗೆ ತಮಗೆ ಹಿಂದೆಂದೂ ಇಷ್ಟು ಚಿಂತೆ ಆಗಿರಲಿಲ್ಲ ಎಂದು ಹೇಳಿದ್ದರು. ಹತ್ತು ತಿಂಗಳೊಳಗೆ ಕೊಲಂಬಿಯಾದಲ್ಲಿ ಕಲ್ಪನಾ ಚಾವ್ಲಾ ಸೇರಿ ಏಳು ಜನ ಹೋದರು. ಕೇಳದವರ ತಪ್ಪನ್ನು ಹೇಳಿದವರ ತಲೆಗೆ ಕಟ್ಟಬೇಡಿ.

ವಿರೋಧ: ಬರೀ ಸಲಹೆ ಯಾರಿಗೆ ಬೇಕು?
(ಮಾಟುಂಗಾದ ಕಾಲೇಜೊಂದರ ಭೌತಶಾಸ್ತ್ರ ಅಧ್ಯಾಪಕಿ)

ವಿರೋಧ ಬರೆಯಲು ಯಾರೂ ಸಿಗುತ್ತಿಲ್ಲ, ನೀವೇ ಬರೆಯಿರಿ ಮೇಡಂ ಅಂತ ಸಂಪಾದಕರು ಗಂಟುಬಿದ್ದರು. ಪರ ಲೇಖನವನ್ನೂ ಮೊದಲೇ ಕಳಿಸಿಕೊಟ್ಟರು. ಹಿರಿಯರ ಪಾಯಿಂಟಿನ ಕಥೆ ಚೆನ್ನಾಗಿದೆ. ಆದರೆ ಅದು ಬೇರೆ ಕಥೆ, ಅಲ್ವಾ? ಸಿಆರ್‌ಎಸ್ ಒಪ್ಪಿಗೆ ಇಲ್ಲದೆ ಹೊಸ ಲೈನಿನಲ್ಲಿ ಪ್ಯಾಸೆಂಜರ್ ಗಾಡಿ ಓಡುವುದಿಲ್ಲ. ನಾಸಾದ ಮಂಡಳಿ ಬೇಡ ಅಂದರೂ ರಾಕೆಟ್ ಏರಬಹುದು. ಅದರ ಹೆಸರಿನಲ್ಲೇ ಇದೆ, ಸಲಹಾ ಮಂಡಳಿ.

ಚಾಲೆಂಜರ್ ಹಾರುವ ಹಿಂದಿನ ರಾತ್ರಿ ಬೂಸ್ಟರ್ ಕಂಪನಿಯ ಇಂಜಿನಿಯರುಗಳು ಫೋನಿನಲ್ಲಿ ಗೋಗರೆದರು. ಚಳಿ ಜಾಸ್ತಿ ಇದೆ, ಬೂಸ್ಟರಿನ ಸಂದು ಮುಚ್ಚುವ ರಬ್ಬರ್ ಓ-ರಿಂಗ್ ಗಡುಸಾಗುತ್ತದೆ, ಬೇಡ ಅಂದರು. ಅವರ ಮೇಲಿನವರು ಹಾರಿಸಲು ಒಪ್ಪಿಬಿಟ್ಟರು. ಆ ಫೋನಿನಲ್ಲಿ ಮಂಡಳಿಯವರು ಯಾರೂ ಇರಲಿಲ್ಲ. ಇನ್ನು ಬ್ಲಾಂಬರ್ಗ್ ಹೇಳಿದ್ದು ದುಡ್ಡಿನ ಕೊರತೆ, ಮುಂದಕ್ಕೆ ಹಾಕಿದ ರಿಪೇರಿಗಳ ಬಗ್ಗೆ. ಕೊಲಂಬಿಯಾದ ರೆಕ್ಕೆಗೆ ಬಡಿದು ಅದನ್ನು ಕೆಡವಿದ ಫೋಮ್ ತುಂಡಿನ ಬಗ್ಗೆ ಅಲ್ಲ. ಕೊಲಂಬಿಯಾ ತನಿಖಾ ವರದಿ ಬಂದ ಮರುತಿಂಗಳೇ, 2003ರ ಸೆಪ್ಟೆಂಬರ್‌ನಲ್ಲಿ, ಒಂಬತ್ತೂ ಸದಸ್ಯರು ಒಟ್ಟಿಗೆ ರಾಜೀನಾಮೆ ಕೊಟ್ಟರು. ಸ್ಟಾರ್‌ಲೈನರ್ ದೋಷ ಹಿಡಿದದ್ದೂ ಇಂಜಿನಿಯರುಗಳೇ. ಮಂಡಳಿ ಸುದ್ದಿ ಹೇಳಿತು ಅಷ್ಟೇ. ಸುದ್ದಿ ಹೇಳಲು ಪೇಪರಿನವರಿದ್ದಾರೆ.

ನಮ್ಮ ಬಿಲ್ಡಿಂಗ್ ಹಳೆಯದು. ಸ್ಟ್ರಕ್ಚರಲ್ ಆಡಿಟ್ ಮಾಡಿಸಿದೆವು. ಆಡಿಟರ್ ಸುತ್ತಿಗೆಯಿಂದ ಕಂಬ ತಟ್ಟಿ ತಟ್ಟಿ ನೋಡಿ, ಟೊಳ್ಳು ಸದ್ದು ಬಂದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ವರದಿ ದಪ್ಪಗೆ, ಫೋಟೋ ಸಮೇತ ಬಂತು. ಸೊಸೈಟಿಯ ಸ್ಟೀಲ್ ಕಪಾಟಿನಲ್ಲಿ ಕೂತಿದೆ. ಪಾರ್ಕಿಂಗ್ ಕಂಬದ ಮೇಲಿನ ಗುರುತಿಗೆ ಯಾರೋ ಬಣ್ಣ ಹೊಡೆಸಿದ್ದಾರೆ. ಸಲಹೆಗೆ ಎಲ್ಲ ಕಡೆ ಇದೇ ಗತಿ.

ಇಸ್ರೋದವರೇನು ಸುಮ್ನೆ ಕೂತಿಲ್ಲ. 2023ರ ಅಕ್ಟೋಬರ್ 21ರಂದು ಗಗನಯಾನದ ಮೊದಲ ಪರೀಕ್ಷಾ ವಾಹನ ಹಾರಲು ಐದು ಸೆಕೆಂಡ್ ಇದ್ದಾಗ ಕಂಪ್ಯೂಟರೇ ತಡೆಯಿತು. ಕಾರಣ ಹುಡುಕಿ, ಸರಿ ಮಾಡಿ, ಅದೇ ಬೆಳಿಗ್ಗೆ ಹಾರಿಸಿದರು. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಹತ್ತಬೇಕಿದ್ದ ಫಾಲ್ಕನ್ ರಾಕೆಟ್ಟಿನಲ್ಲಿ ಆಮ್ಲಜನಕ ಸೋರುತ್ತಿತ್ತು. ಪೂರ್ತಿ ಸರಿಯಾಗದೆ ಬೇಡ ಅಂತ ನಮ್ಮವರು ಪಟ್ಟು ಹಿಡಿದರು. ಒಂಬತ್ತು ಜನ ಹಿರಿಯರು ಚಹಾ ಬಿಸ್ಕೆಟ್ ಮುಗಿಸಿ ಠರಾವು ಮಾಡುವವರೆಗೆ ಯಾರೂ ಕಾಯಲಿಲ್ಲ.

ಮತ್ತೆ, ಆ ಒಂಬತ್ತು ಜನ ಯಾರು? ಪೊವೈ ಐಐಟಿಯಿಂದ ಒಬ್ಬರೋ ಇಬ್ಬರೋ. ವಾಯುಪಡೆಯ ಟೆಸ್ಟ್ ಪೈಲಟ್ ಒಬ್ಬರು, ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯ ಡಾಕ್ಟರ್ ಒಬ್ಬರು. ಆಮೇಲೆ? ಮಿಕ್ಕವರೆಲ್ಲ ಇಸ್ರೋದಿಂದಲೇ ರಿಟೈರ್ ಆದವರು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ನಮ್ಮ ಅಣುಶಕ್ತಿನಗರದಲ್ಲೇ ಇದೆ. 1983ರಲ್ಲಿ ಹುಟ್ಟಿದ್ದು. ಅದಕ್ಕೆ ಸಾಕಷ್ಟು ಸ್ವಾತಂತ್ರ್ಯವಿಲ್ಲ ಅಂತ 2012ರಲ್ಲಿ ಸಿಎಜಿ ಹೇಳಿತು. ಇನ್ನೊಂದು ಬೋರ್ಡು, ಇನ್ನೊಂದು ಬೋರ್ಡ್ ರೂಮು ಯಾಕೆ?

ನಿಜ ಹೇಳಬೇಕೆಂದರೆ ಹೊರಗಿನವರೇ ಬೇಡ ಅಂತ ನನಗೂ ಅನ್ನಿಸುವುದಿಲ್ಲ. ತಡೆಯುವ ಅಧಿಕಾರ ಕೊಟ್ಟು, ವರದಿಯನ್ನು ಸಂಸತ್ತಿನಲ್ಲಿ ಇಡುವುದಾದರೆ ಬೇರೆ ಮಾತು. ಆದರೆ ಸಂಪಾದಕರು ಕೇಳಿದ್ದು ನಾಸಾದಲ್ಲಿ ಇರುವಂಥದ್ದು ಬೇಕೇ ಅಂತ. ಅದು ಬೇಡ.