ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲಿರಬೇಕು?

ಬೆನ್ನುಹುರಿಗೆ ಪೆಟ್ಟಾಗಿ ಮಲಗಿದವರನ್ನು ನೋಡಲು ಬಂದವರೆಲ್ಲ ಮೊದಲು ಕೇಳುವುದು, "ಯಾವಾಗ ಎದ್ದು ಓಡಾಡ್ತಾರಂತೆ?" ಮನೆಯವರು "ಆರು ತಿಂಗಳು ನೋಡ್ಬೇಕಂತೆ" ಅನ್ನುತ್ತಾರೆ. ಆರು ತಿಂಗಳು ಒಂದು ವರ್ಷವಾಗುತ್ತದೆ, ಒಂದು ಮೂರಾಗುತ್ತದೆ. ಅಂಗಡಿ ಇಟ್ಟುಕೊಳ್ಳುವುದೋ ಮಾರುವುದೋ, ಬಿಟ್ಟ ಓದು ಮುಂದುವರಿಸುವುದೋ, ಬಚ್ಚಲ ಬಾಗಿಲು ಒಡೆಸಿ ಅಗಲ ಮಾಡಿಸುವುದೋ, ಯಾವ ಮಾತು ಎತ್ತಿದರೂ ಉತ್ತರ ಒಂದೇ: "ಮೊದಲು ಕಾಲು ಬರಲಿ."

ಮಲೆನಾಡು, ಕರಾವಳಿಯಲ್ಲಿ ಅಡಿಕೆ ಮರದಿಂದ, ತೆಂಗಿನ ಮರದಿಂದ ಬಿದ್ದವರು. ಬಯಲುಸೀಮೆಯಲ್ಲಿ ಬೈಕು, ಟ್ರ್ಯಾಕ್ಟರು. ನಗರಗಳಲ್ಲಿ ಕಟ್ಟಡದ ಸಾರುವೆಯಿಂದ ಜಾರಿದವರು. ಹೆಚ್ಚಿನವರು ದುಡಿಯುವ ವಯಸ್ಸಿನ ಗಂಡಸರು. ಪೆಟ್ಟಿನ ಜಾಗದಿಂದ ಕೆಳಗೆ ಸ್ಪರ್ಶ, ಚಲನೆ ಎರಡೂ ಪೂರ್ತಿ ಹೋಗಿದ್ದರೆ ಮತ್ತೆ ನಡೆಯುವವರು ತೀರಾ ಕಡಿಮೆ. ಬರಬೇಕಾದ ಚೇತರಿಕೆಯ ದೊಡ್ಡ ಪಾಲು ಮೊದಲ ಆರರಿಂದ ಒಂಬತ್ತು ತಿಂಗಳಲ್ಲೇ ಬಂದುಬಿಡುತ್ತದೆ. ಇದನ್ನು ಬಾಯಿ ಬಿಟ್ಟು ಹೇಳುವ ಡಾಕ್ಟರು ಕ್ರೂರಿ ಅನ್ನಿಸಬಹುದು. ಹೇಳದವರು ಮಾಡುವ ನಷ್ಟ ಇನ್ನೂ ದೊಡ್ಡದು. ಆ ಮೌನದ ಜಾಗದಲ್ಲೇ ಸ್ಟೆಮ್ ಸೆಲ್ (ಆಕರಕೋಶ) ಚಿಕಿತ್ಸೆಯ ಏಜೆಂಟು ಬಂದು ಕೂರುತ್ತಾನೆ, ಜಮೀನು ಅಡವು ಬೀಳುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ಬೆನ್ನುಹುರಿ ಪೆಟ್ಟಿಗೆ ಸ್ಟೆಮ್ ಸೆಲ್ ಕೊಡುವುದಾದರೆ ಅದು ಅನುಮತಿ ಪಡೆದ ಪ್ರಯೋಗವಾಗಿಯೇ ಇರಬೇಕು. ಪ್ರಯೋಗಕ್ಕೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆಯೇ ಬೇರೆ. ಇನ್ನು ಆರು ತಿಂಗಳಿಗೆ, ಹಬ್ಬವೂ ಅಲ್ಲದ ಜಾತ್ರೆಯೂ ಅಲ್ಲದ ಒಂದು ಮಾಮೂಲಿ ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆಗೆ ನೀವು ಎಲ್ಲಿರಬೇಕು? ಅಣ್ಣನನ್ನೋ ಹೆಂಡತಿಯನ್ನೋ ಅಲ್ಲ, ಮಲಗಿದವರನ್ನೇ ಕೇಳಬೇಕು. ಅವರ ಪರವಾಗಿ ಬೇರೆಯವರು ಉತ್ತರ ಕೊಡಲು ಶುರುಮಾಡಿದರೆ ಟೀ ತರಲು ಕಳಿಸಿ. "ಅಂಗಡಿ ಗಲ್ಲಾದಲ್ಲಿ" ಅನ್ನಬಹುದು, "ಕಾಲೇಜಲ್ಲಿ" ಅನ್ನಬಹುದು, "ಮಗಳನ್ನ ಸ್ಕೂಲಿಗೆ ಬಿಟ್ಟು ಬಂದು ಪೇಪರ್ ಓದ್ತಾ" ಅನ್ನಬಹುದು. ಯಾವುದಾದರೂ ಸರಿ. ಆ ಹತ್ತು ಗಂಟೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬನ್ನಿ.

ಅಂಗಡಿ ಅಂತಲೇ ಇಟ್ಟುಕೊಳ್ಳೋಣ. ಹತ್ತಕ್ಕೆ ಅಲ್ಲಿರಬೇಕಾದರೆ ಒಂಬತ್ತೂವರೆಗೆ ಮನೆ ಬಿಡಬೇಕು. ಸ್ನಾನ, ಬಟ್ಟೆ, ಹಾಸಿಗೆಯಿಂದ ಗಾಲಿಕುರ್ಚಿಗೆ ಬರುವುದು, ತಿಂಡಿ, ಇಷ್ಟಕ್ಕೆ ಒಂದೂವರೆ ಗಂಟೆ. ಅದಕ್ಕೂ ಮೊದಲು ಮಲವಿಸರ್ಜನೆ ಮುಗಿಯಬೇಕು, ಅದಕ್ಕೆ ಮುಕ್ಕಾಲರಿಂದ ಒಂದು ಗಂಟೆ. ಅಂದರೆ ಆರಕ್ಕೆ ಎದ್ದು ಮೂತ್ರ ತೆಗೆದು, ಆರೂವರೆಗೆ ಬಿಸಿ ಬಿಸಿ ಏನಾದರೂ ಕುಡಿದು, ಏಳಕ್ಕೆ ಕಮೋಡಿಗೆ. ಬಿಸಿ ಕುಡಿದ ಇಪ್ಪತ್ತು ಮೂವತ್ತು ನಿಮಿಷಕ್ಕೆ ಕರುಳು ತಾನಾಗಿ ಅಲುಗಾಡುತ್ತದೆ. ಆ ಹೊತ್ತನ್ನು ಬಳಸಿಕೊಳ್ಳದೆ ಮಧ್ಯಾಹ್ನ ಕೂರಿಸಿದರೆ ಕೆಲಸ ಎರಡರಷ್ಟು ಹಿಡಿಯುತ್ತದೆ.

ಈ ವಿಷಯ ಬರೆಯಲು ನಮ್ಮ ಜನಕ್ಕೆ ನಾಚಿಕೆ, ಅದಕ್ಕೇ ಬಿಡಿಸಿ ಬರೆಯುತ್ತೇನೆ. ಪೆಟ್ಟು ಎದೆಮಟ್ಟದಲ್ಲೋ ಕುತ್ತಿಗೆಯಲ್ಲೋ ಇದ್ದರೆ ಕರುಳಿನ ಪ್ರತಿಕ್ರಿಯೆ ಉಳಿದಿರುತ್ತದೆ: ಗುದಕ್ಕೆ ಒಂದು ಬಿಸಾಕೋಡಿಲ್ ಅಥವಾ ಗ್ಲಿಸರಿನ್ ಗುಳಿಗೆ, ಕಾಲು ಗಂಟೆ ಕಾಯುವುದು, ಆಮೇಲೆ ಗ್ಲೌಸ್ ಹಾಕಿ ಜೆಲ್ ಸವರಿದ ಬೆರಳನ್ನು ಒಳಗೆ ಮೆಲ್ಲಗೆ ಇಪ್ಪತ್ತು ಸೆಕೆಂಡು ಸುತ್ತಿಸುವುದು, ಐದು ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ. ಪೆಟ್ಟು ಸೊಂಟದ ಕೆಳಭಾಗದಲ್ಲಿದ್ದರೆ ಆ ಪ್ರತಿಕ್ರಿಯೆಯೇ ಇರುವುದಿಲ್ಲ, ಬೆರಳಿನಿಂದಲೇ ತೆಗೆಯಬೇಕು. ಅಂಥವರಿಗೆ ಮಲ ತುಸು ಗಟ್ಟಿಯಾಗಿದ್ದರೇ ಅನುಕೂಲ. ಇಬ್ಬರಿಗೂ ಮಲ ಸಡಿಲಿಸುವ ಒಂದೇ ಪುಡಿ ಬರೆದುಕೊಟ್ಟು ಕಳಿಸಿದರೆ ಎರಡನೆಯವರಿಗೆ ಅಂಗಡಿಯಲ್ಲಿ ಕೂತಲ್ಲೇ ಬಟ್ಟೆ ಹಾಳಾಗುತ್ತದೆ. ಒಮ್ಮೆ ಹಾಗಾದ ಮನುಷ್ಯ ಮತ್ತೆ ಹೊಸ್ತಿಲು ದಾಟಲು ಒಪ್ಪುವುದಿಲ್ಲ. "ಡಿಪ್ರೆಶನ್" ಅಂತ ಎಲ್ಲರೂ ಹೇಳುವುದು ಎಷ್ಟೋ ಸಲ ಈ ಭಯವೇ. ಇನ್ನೊಂದು: ನಾಲ್ಕೈದು ದಿನ ಹೋಗದಿದ್ದು ಒಮ್ಮೆಲೇ ನೀರು ನೀರಾಗಿ ಶುರುವಾದರೆ ಅದು ಭೇದಿ ಅಂದುಕೊಳ್ಳಬೇಡಿ. ಗಟ್ಟಿ ಮಲ ಒಳಗೆ ಸಿಕ್ಕಿಕೊಂಡು ಅದರ ಪಕ್ಕದಿಂದ ನೀರು ಸೋರುತ್ತಿರಬಹುದು. ಬೆರಳಿನಿಂದ ಪರೀಕ್ಷಿಸದೆ ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರೆ ಇನ್ನಷ್ಟು ಬಿಗಿಯುತ್ತದೆ.

ಮೂತ್ರದ ಲೆಕ್ಕ ಸುಲಭ, ಶಿಸ್ತು ಕಷ್ಟ. ಆಸ್ಪತ್ರೆಯವರು ಖಾಯಂ ಟ್ಯೂಬು ಹಾಕಿ ಮನೆಗೆ ಕಳಿಸಿಬಿಡುತ್ತಾರೆ. ಆದರೆ ಕೈ ಚೆನ್ನಾಗಿ ಆಡುವ ಹೆಚ್ಚಿನವರು ತಾವೇ ನಾಲ್ಕರಿಂದ ಆರು ಗಂಟೆಗೊಮ್ಮೆ ಸಣ್ಣ ನಳಿಗೆ (ಕ್ಯಾಥೆಟರ್) ಹಾಕಿ ಖಾಲಿ ಮಾಡಿ ತೆಗೆಯುವುದನ್ನು ಕಲಿಯಬಹುದು. ದೊಡ್ಡವರಿಗೆ 12 ಅಥವಾ 14 ಸೈಜು. ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತು. ಒಂದು ಸಲಕ್ಕೆ 400–500 ಮಿ.ಲೀ. ದಾಟಬಾರದು, ಹಾಗಾಗಿ ದಿನಕ್ಕೆ ಸುಮಾರು ಎರಡು ಲೀಟರು ದ್ರವ, ಅದೂ ಹಂಚಿಕೊಂಡು. ರಾತ್ರಿ ಎಂಟರ ಮೇಲೆ ಗುಟುಕು ಮಾತ್ರ. ಬೆಳಗಿನ ಅಳತೆ ದಿನವೂ 500 ಮೀರುತ್ತಿದ್ದರೆ ನಡುರಾತ್ರಿ ಒಂದು ಸಲ ಏಳಲೇಬೇಕು. ಒಂದು ವಾರ ಅಳತೆ ಜಗ್ಗು ಹಿಡಿದು ಕುಡಿದದ್ದು, ಹೋದದ್ದು ಬರೆದಿಡಿ. ವಾರದ ಕೊನೆಗೆ ನಿಮ್ಮ ಗಡಿಯಾರ ನಿಮಗೇ ಸಿಗುತ್ತದೆ. ಹೊರಗೆ ಹೋಗಬೇಕು ಅಂತ ನೀರು ಕುಡಿಯುವುದನ್ನೇ ಬಿಡುವುದು ಹೆಂಗಸರಲ್ಲಿ ಹೆಚ್ಚು. ಅದು ಕಲ್ಲಿಗೂ ಸೋಂಕಿಗೂ ನೇರ ದಾರಿ. ನಳಿಗೆ ಒಮ್ಮೆ ಬಳಸಿ ಎಸೆಯುವುದೇ ಉತ್ತಮ. ಖರ್ಚು ತಾಳದೆ ಮತ್ತೆ ಬಳಸುವವರು ಸೋಪು ನೀರಿನಲ್ಲಿ ಒಳಗೂ ಹೊರಗೂ ತೊಳೆದು, ಝಾಡಿಸಿ, ಪೂರ್ತಿ ಒಣಗಿಸಿ ಮುಚ್ಚಳದ ಡಬ್ಬಿಯಲ್ಲಿಡಬೇಕು. ಬಿರುಸಾದರೆ, ಮಬ್ಬಾದರೆ ಎಸೆಯಬೇಕು.

ಎದೆಯ ಆರನೇ ಮಟ್ಟ (ರಿಪೋರ್ಟಿನಲ್ಲಿ T6) ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರು ಒಂದು ಚೀಟಿ ಜೇಬಿನಲ್ಲಿಟ್ಟುಕೊಳ್ಳಿ: "ನನಗೆ ಏಕಾಏಕಿ ತಲೆ ಸಿಡಿಯುವ ನೋವು, ಮುಖ ಕೆಂಪು, ಬೆವರು, ಬಿಪಿ ಏರಿಕೆ ಬಂದರೆ ಮೊದಲು ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ಬಿಗಿ ಬಟ್ಟೆ ಸಡಿಲಿಸಿ. ಮೂತ್ರ ತುಂಬಿದೆಯೇ, ಟ್ಯೂಬು ಮಡಚಿದೆಯೇ ನೋಡಿ. ಆಮೇಲೆ ಮಲ." ಇವರ ಮಾಮೂಲಿ ಮೇಲಿನ ಬಿಪಿಯೇ 90–100ರ ಆಸುಪಾಸು ಇರುವುದರಿಂದ 140 ಕಂಡರೂ ಅದು ಏರಿಕೆಯೇ. ತಿಳಿಯದ ಕಡೆ ಬಿಪಿ ಮಾತ್ರೆ ಕೊಟ್ಟು ಮಲಗಿಸುತ್ತಾರೆ.

ಇನ್ನು ಚರ್ಮ. ಹತ್ತರಿಂದ ಐದರವರೆಗೆ ಕೂರುವ ಯೋಜನೆ ಹಾಕಿದ ಮೇಲೆ ಅದನ್ನು ಕೆಡಿಸುವುದು ಕುಂಡೆಯ ಎಲುಬಿನ ಕೆಳಗಿನ ರೂಪಾಯಿಯಗಲದ ಒಂದು ಕೆಂಪು ಕಲೆ. ಗಮನಿಸದಿದ್ದರೆ ಅದೇ ಹುಣ್ಣಾಗಿ ತಿಂಗಳುಗಟ್ಟಲೆ ಬೋರಲು ಮಲಗಿಸುತ್ತದೆ. ಪ್ರತಿ ಹದಿನೈದು ಮೂವತ್ತು ನಿಮಿಷಕ್ಕೆ ಭಾರ ಇಳಿಸಬೇಕು ಅಂತ ಎಲ್ಲರೂ ಹೇಳುತ್ತಾರೆ, ಎಷ್ಟು ಹೊತ್ತು ಅಂತ ಯಾರೂ ಹೇಳುವುದಿಲ್ಲ. ಕೈಯೂರಿ ಹತ್ತು ಸೆಕೆಂಡು ಎದ್ದರೆ ಸಾಲದು, ಒತ್ತಿದ ಮಾಂಸಕ್ಕೆ ರಕ್ತ ಸರಿಯಾಗಿ ವಾಪಸಾಗಲು ಎರಡು ನಿಮಿಷದಷ್ಟು ಬೇಕು. ಅಷ್ಟು ಹೊತ್ತು ಕೈಯ ಮೇಲೆ ನಿಲ್ಲಲು ಯಾರಿಂದಲೂ ಆಗದು, ಭುಜವೂ ಸವೆಯುತ್ತದೆ. ಆದ್ದರಿಂದ ಮುಂದಕ್ಕೆ ಬಾಗಿ ಎದೆಯನ್ನು ತೊಡೆಗೆ ತಾಗಿಸುವುದು, ಇಲ್ಲವೇ ಗಲ್ಲಾ ಮೇಜಿಗೆ ಮೊಣಕೈ ಕೊಟ್ಟು ಒಂದು ಪಕ್ಕಕ್ಕೆ, ಆಮೇಲೆ ಇನ್ನೊಂದು ಪಕ್ಕಕ್ಕೆ ವಾಲುವುದು. ಮೊಬೈಲಿನಲ್ಲಿ ಅಲಾರಾಂ ಇಡಿ.

ಗಾಲಿಕುರ್ಚಿಯಲ್ಲಿ ಕೂರುವ ದಿಂಬಿಗೆ ಪರೀಕ್ಷೆ ಹೀಗೆ: ಅವರು ಕೂತಿರುವಾಗ ದಿಂಬಿನ ಕೆಳಗೆ ಅಂಗೈ ಮೇಲೆ ಮಾಡಿ ಕೈ ತೂರಿಸಿ, ಕೂರುವ ಎಲುಬಿನ ಕೆಳಗೆ ತನ್ನಿ. ಎಲುಬು ಬೆರಳಿಗೆ ಒತ್ತಿ ಸಿಕ್ಕಿದರೆ ಆ ದಿಂಬು ಸತ್ತಿದೆ. ಮಧ್ಯೆ ತೂತಿರುವ ಗಾಳಿ ಟ್ಯೂಬು ಬೇಡವೇ ಬೇಡ, ಸುತ್ತಲೂ ಒತ್ತಿ ನಡುವಿನ ಚರ್ಮಕ್ಕೆ ರಕ್ತ ಹೋಗದಂತೆ ಮಾಡುತ್ತದೆ. ಬೆಳಿಗ್ಗೆ, ರಾತ್ರಿ ಕನ್ನಡಿಯಲ್ಲೋ ಮೊಬೈಲ್ ಫೋಟೋದಲ್ಲೋ ಬಾಲಮೂಳೆ, ಕುಂಡೆ, ಸೊಂಟದ ಪಕ್ಕ, ಹಿಮ್ಮಡಿ ನೋಡಿಕೊಳ್ಳಬೇಕು. ಭಾರ ಇಳಿಸಿ ಅರ್ಧ ಗಂಟೆಯಾದರೂ ಕೆಂಪು ಹೋಗದಿದ್ದರೆ ಆವತ್ತು ಅಂಗಡಿಗೆ ರಜೆ. ಎಣ್ಣೆ ಹಾಕಿ ತಿಕ್ಕಬೇಡಿ.

ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 1944ರಲ್ಲಿ ವೈದ್ಯ ಲುಡ್ವಿಗ್ ಗಟ್‌ಮನ್ ಬೆನ್ನುಹುರಿ ವಾರ್ಡು ಶುರು ಮಾಡಿದಾಗ ಇಂಥ ರೋಗಿಗಳು ಹುಣ್ಣು, ಮೂತ್ರದ ಸೋಂಕಿನಿಂದ ಬೇಗ ಸಾಯುವವರು ಅಂತಲೇ ಲೆಕ್ಕ. ಗಟ್‌ಮನ್ ಹಿಡಿದ ಹಠ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಅದೇ ಆಸ್ಪತ್ರೆಯ ಅಂಗಳದಲ್ಲಿ 1948ರಲ್ಲಿ ನಡೆದ ಬಿಲ್ಲುಗಾರಿಕೆ ಸ್ಪರ್ಧೆಯೇ ಮುಂದೆ ಪ್ಯಾರಾಲಿಂಪಿಕ್ಸ್ ಆಗಿ ಬೆಳೆದದ್ದು. ವೇದಿಕೆ ಮೇಲೆ ಛಲದ ಭಾಷಣ ಮಾಡುವವರು ಮಗ್ಗುಲು ಬದಲಿಸಿದ ಭಾಗವನ್ನು ಹಾರಿಸಿ ಹೇಳುತ್ತಾರೆ.

ಗಾಲಿಕುರ್ಚಿಯ ಬಗ್ಗೆ ಚುಟುಕಾಗಿ. ಶಿಬಿರದಲ್ಲಿ ಎಲ್ಲರಿಗೂ ಕೊಡುವ 18 ಇಂಚಿನ ಮಡಚುವ ಕುರ್ಚಿ ಸಣಕಲು ಹುಡುಗನಿಗೆ ದೊಡ್ಡದು. ಒಂದು ಪಕ್ಕಕ್ಕೆ ವಾಲಿ ಬೆನ್ನು ಸೊಟ್ಟಗಾಗುತ್ತದೆ. ಸೊಂಟದ ಅಗಲಕ್ಕೆ ಒಂದು ಇಂಚು ಹೆಚ್ಚಿದ್ದರೆ ಸಾಕು. ಸೀಟಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ಎರಡು ಮೂರು ಬೆರಳು ಸಂದು. ಆ 18 ಇಂಚಿನ ಕುರ್ಚಿಯ ಹೊರ ಅಗಲ ಸುಮಾರು 26 ಇಂಚು, ನಮ್ಮ ಬಚ್ಚಲ ಬಾಗಿಲು ಹೆಚ್ಚಾಗಿ ಎರಡು ಅಡಿ. ಲೆಕ್ಕ ಅಲ್ಲೇ ಮುಗಿಯಿತು. ಮನೆ ತಿದ್ದಿಸುವುದಾದರೆ ಮೊದಲ ದುಡ್ಡು ಬಚ್ಚಲಿಗೆ, ಆಮೇಲೆ ರ‍್ಯಾಂಪಿಗೆ. ರ‍್ಯಾಂಪು ಒಂದಕ್ಕೆ ಹನ್ನೆರಡು: ಆರಿಂಚಿನ ಮೆಟ್ಟಿಲಿಗೆ ಆರಡಿ ಉದ್ದ, ಒಂದೂವರೆ ಅಡಿ ಜಗಲಿಗೆ ಹದಿನೆಂಟು ಅಡಿ. ಜಾಗವಿಲ್ಲ ಅಂತ ಆರಡಿಯಲ್ಲೇ ಮುಗಿಸಿದ ರ‍್ಯಾಂಪಿನ ಮೇಲೆ ಮಳೆಗಾಲದ ಪಾಚಿಯಲ್ಲಿ ಕುರ್ಚಿ ಹಿಂದಕ್ಕೆ ಮಗುಚುತ್ತದೆ.

ಕೆಲಸದ ವಿಷಯದಲ್ಲಿ ನಮ್ಮ ಕಲ್ಪನೆ ಬಡವಾಗಿದೆ. ಎಲ್ಲರಿಗೂ ಮೊಬೈಲ್ ರಿಪೇರಿ, ಅಗರಬತ್ತಿ, ಟೈಲರಿಂಗ್! ಅಡಿಕೆ ಕೊನೆ ತೆಗೆಯುತ್ತಿದ್ದವನಿಗೆ ಅಡಿಕೆ ಗೊತ್ತು: ಹದ, ದರ್ಜೆ, ಧಾರಣೆ, ಯಾವ ತೋಟಕ್ಕೆ ಯಾವಾಗ ಆಳು ಬೇಕು. ಫೋನು ಹಿಡಿದು ಕೊನೆಗಾರರ ತಂಡ ನಡೆಸುವುದು, ಮೇಜಿನ ಮೇಲೆ ಅಡಿಕೆ ಆರಿಸುವುದು ಅವನಿಗೆ ಹೊಸ ವಿದ್ಯೆಯಲ್ಲ. ಸುಲಿಯುವುದೂ ಆಗುತ್ತದೆ, ಆದರೆ ನೆಲದ ಮೇಲೆ ಕೂತು ಅಲ್ಲ. ಮೆಟ್ಟುಗತ್ತಿಯ ಮಣೆಯನ್ನು ಕಾಲಿನಿಂದ ಒತ್ತಿ ಹಿಡಿಯಲು ಕಾಲಿಲ್ಲ, ಗಟ್ಟಿ ನೆಲ ಚರ್ಮಕ್ಕೆ ಶತ್ರು. ಮಣೆಯನ್ನು ಬೋಲ್ಟ್ ಹಾಕಿ ಮೇಜಿಗೆ ಬಿಗಿದು, ಕುರ್ಚಿಯಲ್ಲಿ ದಿಂಬಿನ ಮೇಲೆ ಕೂತು ಮಾಡಬೇಕು. ಮೇರಿ ವರ್ಗೀಸ್ ಗೊತ್ತಿರಬೇಕು, ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ವೈದ್ಯೆ. 1954ರ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಗಾಲಿಕುರ್ಚಿಯಲ್ಲೇ ಕೂತು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ಅಲ್ಲೇ ಪುನರ್ವಸತಿ ಕೇಂದ್ರ ಬಂತು. ವೈದ್ಯವೃತ್ತಿ ಬಿಡಲಿಲ್ಲ, ಮೇಜಿನ ಎತ್ತರ ಬದಲಾಯಿತು.

ಮದುವೆಯಾದವರಿಗೆ, ಆಗಬೇಕೆನ್ನುವವರಿಗೆ ಯಾರೂ ಹೇಳದ ಮಾತು: ಹೆಣ್ಣಿಗೆ ಕೆಲವು ತಿಂಗಳಲ್ಲಿ ಮುಟ್ಟು ಮರಳುತ್ತದೆ, ಮಕ್ಕಳೂ ಆಗಬಹುದು, ಬೇಡವಾದರೆ ಗರ್ಭನಿರೋಧಕವೂ ಬೇಕಾಗುತ್ತದೆ. ಗಂಡಸರಿಗೆ ಮಾತ್ರೆ, ಉಪಕರಣಗಳಿವೆ, ವೀರ್ಯ ತೆಗೆದು ಮಗು ಪಡೆಯುವ ದಾರಿಯೂ ಇದೆ. ಡಾಕ್ಟರ ಮುಂದೆ ಗಂಡ ಹೆಂಡತಿ ಇಬ್ಬರೇ ಕೂತು ಕೇಳಿ. ಅತ್ತೆ ಹೊರಗಿರಲಿ. ಮತ್ತೆ, ನೋಡಿಕೊಳ್ಳುವ ಕೆಲಸಕ್ಕೆ ಎರಡನೆಯ ಹೆಸರು ಯೋಜನೆಯಲ್ಲಿ ಬರೆದೇ ಇರಬೇಕು. ಹೆಂಡತಿಗೆ ಜ್ವರ ಬಂದ ದಿನವೇ ತಮ್ಮನಿಗೆ ಮಗ್ಗುಲು ಬದಲಿಸಲು ಕಲಿಸುವುದಲ್ಲ.

ಕಾಗದಪತ್ರ ಕೊನೆಗೆ ಬಂದರೂ ಆಸ್ಪತ್ರೆಯಲ್ಲಿರುವಾಗಲೇ ಶುರುವಾಗಬೇಕು. ಸರ್ಕಾರಿ ನೌಕರಿಯಲ್ಲಿದ್ದವರು ರಾಜೀನಾಮೆಗೆ ಸಹಿ ಹಾಕಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ನಿನ 4ನೇ ಉಪವಿಧಿ ಪ್ರಕಾರ ಸೇವೆಯಲ್ಲಿರುವಾಗ ಅಂಗವಿಕಲರಾದವರನ್ನು ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಆ ಹುದ್ದೆ ಮಾಡಲಾಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆ, ಅದೂ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆ ಸೃಷ್ಟಿಸಿ ಇಟ್ಟುಕೊಳ್ಳಬೇಕು. ಎಲೆಕ್ಟ್ರಿಕ್ ಲೈನ್‌ಮನ್, ಸರ್ಕಾರಿ ಬಸ್ಸಿನ ಡ್ರೈವರು ಎಲ್ಲರಿಗೂ ಇದು ಅನ್ವಯ. ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ) ಕಾರ್ಡು ಇಲ್ಲದೆ ಹೆಚ್ಚಿನ ಸವಲತ್ತು ಮುಂದೆ ಸರಿಯುವುದಿಲ್ಲ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರನ್ನು ಹುಡುಕಿ ಮನೆಗೇ ಕರೆಸಿ. ಬೆಂಗಳೂರಿನಲ್ಲಿ 1959ರಿಂದ ಕೆಲಸ ಮಾಡುತ್ತಿರುವ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ (ಎಪಿಡಿ)ಯಂಥ ಸಂಸ್ಥೆಗಳಲ್ಲಿ ಇದೇ ಬದುಕು ಬದುಕುತ್ತಿರುವವರ ಮಾತು ಕೇಳಲು ಸಿಗುತ್ತದೆ. ಡಾಕ್ಟರು ಹೇಳಲಾಗದ್ದನ್ನು ಅವರು ಅರ್ಧ ಗಂಟೆಯಲ್ಲಿ ಹೇಳುತ್ತಾರೆ.

ಪಂಚಾಯಿತಿಗೆ ಅರ್ಜಿ ಬರೆಯುವಾಗ "ಅಂಗವಿಕಲನಾಗಿದ್ದು ತುಂಬಾ ಕಷ್ಟದಲ್ಲಿದ್ದೇನೆ, ಸಹಾಯ ಮಾಡಿ" ಅಂತ ಬರೆದರೆ ಅದು ಕಡತಕ್ಕೆ ಸೇರುತ್ತದೆ. "ಮನೆಯಿಂದ ರಸ್ತೆಗೆ ಒಂದು ಅಡಿ ಎತ್ತರ, ಹನ್ನೆರಡು ಅಡಿ ಉದ್ದ ಮೂರೂವರೆ ಅಡಿ ಅಗಲದ ಸಿಮೆಂಟು ರ‍್ಯಾಂಪು, ಎರಡೂ ಪಕ್ಕ ಕಂಬಿ" ಅಂತ ಬರೆಯಿರಿ. ಜೊತೆಗೆ ಒಂದು ಫೋಟೋ, ಮೇಸ್ತ್ರಿ ಕೊಟ್ಟ ಅಂದಾಜು ಪಟ್ಟಿ. ಸ್ವೀಕೃತಿ ಪಡೆಯದೆ ಬರಬೇಡಿ.