ಮೊದಲ ವೆಸ್ಟರ್ನ್ ಚಿತ್ರ ಯಾವುದು: ಒಂದು ಸ್ಪಷ್ಟನೆ

ಎಡ್ವಿನ್ ಎಸ್. ಪೋರ್ಟರ್ ನಿರ್ದೇಶಿಸಿದ 1903ರ ‘ದಿ ಗ್ರೇಟ್ ಟ್ರೇನ್ ರಾಬರಿ’ ಜಗತ್ತಿನ ಮೊದಲ ವೆಸ್ಟರ್ನ್ (ಅಮೆರಿಕದ ಹಳೆಯ ಪಶ್ಚಿಮ ಪ್ರಾಂತ್ಯದ ಕೌಬಾಯ್, ದರೋಡೆಕೋರರ ಕಥೆಯ) ಚಿತ್ರವೆಂದೂ, ಅದನ್ನು ಅಮೆರಿಕದ ಪಶ್ಚಿಮ ಪ್ರಾಂತ್ಯದಲ್ಲೇ ಚಿತ್ರೀಕರಿಸಲಾಯಿತೆಂದೂ ಹಳೆಯ ಚಿತ್ರಗಳ ಸಂಗ್ರಾಹಕರ ನಡುವೆ ಒಂದು ಮಾತು ಹರಿದಾಡುತ್ತಿದೆ. ಇವೆರಡೂ ಸರಿಯಲ್ಲ.

ಸುಮಾರು 12 ನಿಮಿಷಗಳ ಈ ಚಿತ್ರದ ಹೊರಾಂಗಣ ದೃಶ್ಯಗಳು ಪೂರ್ವ ಕರಾವಳಿಯ ನ್ಯೂಜೆರ್ಸಿಯಲ್ಲಿ ಚಿತ್ರಿತವಾದರೆ, ಒಳಾಂಗಣ ದೃಶ್ಯಗಳು ಚಿತ್ರವನ್ನು ನಿರ್ಮಿಸಿದ ಎಡಿಸನ್ ಕಂಪನಿಯ ನ್ಯೂಯಾರ್ಕ್ ಸ್ಟುಡಿಯೋದಲ್ಲಿ ತಯಾರಾದವು. ಅದೇ ಎಡಿಸನ್ ಕಂಪನಿ 1899ರಲ್ಲೇ ‘ಕ್ರಿಪಲ್ ಕ್ರೀಕ್ ಬಾರ್‌ರೂಮ್ ಸೀನ್’ ಎಂಬ ಪುಟ್ಟ ವೆಸ್ಟರ್ನ್ ಚಿತ್ರವನ್ನು ಹೊರತಂದಿತ್ತು; ಅದೇ ವರ್ಷ ಇಂಗ್ಲೆಂಡಿನ ಲ್ಯಾಂಕಾಶೈರ್ ಪ್ರಾಂತ್ಯದ ಬ್ಲ್ಯಾಕ್‌ಬರ್ನ್‌ನ ಮಿಚೆಲ್ ಮತ್ತು ಕೆನ್ಯನ್ ಸಂಸ್ಥೆ ‘ಕಿಡ್ನ್ಯಾಪಿಂಗ್ ಬೈ ಇಂಡಿಯನ್ಸ್’ (ಇಲ್ಲಿ ‘ಇಂಡಿಯನ್ಸ್’ ಎಂದರೆ ಅಮೆರಿಕದ ಮೂಲನಿವಾಸಿಗಳು) ತಯಾರಿಸಿತು. ಅಂದರೆ, ಈ ಪ್ರಕಾರದ ಅತಿ ಹಳೆಯ ಕಥಾಚಿತ್ರಗಳಲ್ಲೊಂದು ಅಮೆರಿಕದ್ದೇ ಅಲ್ಲ, ಲ್ಯಾಂಕಾಶೈರ್‌ನದು! ಪೋರ್ಟರ್ ಅವರ ಹೆಗ್ಗಳಿಕೆ ಇದರಿಂದ ಕುಂದುವುದಿಲ್ಲ. ಈ ಬಗೆಯ ಕಥೆಗೆ ಅಪಾರ ಜನಪ್ರಿಯತೆ ತಂದುಕೊಟ್ಟದ್ದು ಅವರ ಚಿತ್ರವೇ.

ದರೋಡೆಕೋರನೊಬ್ಬ ಪ್ರೇಕ್ಷಕರತ್ತ ಗುಂಡು ಹಾರಿಸುವ ಪ್ರಸಿದ್ಧ ದೃಶ್ಯ ಆರಂಭದಲ್ಲಿರುವ ಚಿತ್ರದ ಪ್ರತಿಗಳು ನಕಲಿ ಎಂಬ ಮಾತಿಗೂ ಆಧಾರವಿಲ್ಲ. ಆ ತುಣುಕನ್ನು ಮೊದಲಲ್ಲಾದರೂ ಕೊನೆಯಲ್ಲಾದರೂ ಜೋಡಿಸಿಕೊಳ್ಳಬಹುದೆಂದು ಎಡಿಸನ್ ಕಂಪನಿಯ ಕ್ಯಾಟಲಾಗೇ ಪ್ರದರ್ಶಕರಿಗೆ ತಿಳಿಸಿತ್ತು. ಚಿತ್ರದ ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದಿರುವುದರಿಂದ ಡಿಜಿಟಲ್ ಪ್ರತಿಗಳು ಉಚಿತವಾಗಿಯೇ ಸಿಗುತ್ತವೆ. ಆದ್ದರಿಂದ ‘ಮೊಟ್ಟಮೊದಲ ವೆಸ್ಟರ್ನ್’ ಎಂಬ ಹಣೆಪಟ್ಟಿಗೆ ದುಬಾರಿ ಬೆಲೆ ತೆರಬೇಕಾಗಿಲ್ಲ.