ಸತ್ಯಾಂಶ: ಜೀನ್ ಸದ್ದಡಗಿಸುವ ಲ್ಯಾಬ್ ವೈರಸ್ ಜನರಲ್ಲಿ ಹರಡುತ್ತದೆಯೇ?

‘ಮನುಷ್ಯರ ಜೀನ್ ಅಳಿಸುವ ವೈರಸ್ ಲ್ಯಾಬ್‌ಗಳಲ್ಲಿದೆ, ಹೊರಬಂದರೆ ಒಬ್ಬರಿಂದೊಬ್ಬರಿಗೆ ಹರಡುತ್ತದೆ’ ಎಂಬ ಫಾರ್ವರ್ಡ್ ಸಂದೇಶದ ಎರಡೂ ಮಾತು ತಪ್ಪು.

ಜೀನ್ ಸದ್ದಡಗಿಸಲು, ಅಂದರೆ ಅದರಿಂದ ತಯಾರಾಗುವ ಪ್ರೋಟೀನನ್ನು ತಗ್ಗಿಸಲು, ಲ್ಯಾಬ್‌ಗಳಲ್ಲಿ ಹೆಚ್ಚಾಗಿ ಬಳಸುವ ವೈರಸ್ ಎಂದರೆ ಎಚ್‌ಐವಿ-1ರಿಂದ ರೂಪಿಸಿದ ಲೆಂಟಿವೈರಲ್ ವೆಕ್ಟರ್ (ಕೋಶದೊಳಕ್ಕೆ ಜೀನ್ ಸಾಗಿಸುವ ವಾಹಕ). ಮೂರನೇ ತಲೆಮಾರಿನ ವ್ಯವಸ್ಥೆಯಲ್ಲಿ ಅದರ ಭಾಗಗಳನ್ನು 4 ಪ್ಲಾಸ್ಮಿಡ್‌ಗಳಿಗೆ (ಉಂಗುರದಂಥ ಚಿಕ್ಕ ಡಿಎನ್‌ಎಗಳಿಗೆ) ಹಂಚಿರುತ್ತಾರೆ: ವೈರಸ್ ಜೀನ್‌ಗಳಾದ ಗ್ಯಾಗ್-ಪೋಲ್ ಮತ್ತು ರೆವ್, ಹೊರಕವಚದ ಪ್ರೋಟೀನ್ ವಿಎಸ್‌ವಿ-ಜಿ, ಕೊನೆಗೆ ಜೀನ್ ಸದ್ದಡಗಿಸುವ ಹೇರ್‌ಪಿನ್ ಆರ್‌ಎನ್‌ಎಯ (ಕೂದಲಪಿನ್ನಿನಂತೆ ಮಡಚಿಕೊಳ್ಳುವ ಆರ್‌ಎನ್‌ಎ) ಸೂಚನೆ ಹೊತ್ತ ಪ್ಲಾಸ್ಮಿಡ್. ಇವನ್ನು ಲ್ಯಾಬ್‌ನಲ್ಲಿ ಬೆಳೆಸುವ ಎಚ್‌ಇಕೆ 293ಟಿ ಎಂಬ ಮಾನವ ಕೋಶಗಳಿಗೆ ಸೇರಿಸಿ, 48–72 ಗಂಟೆಗಳಲ್ಲಿ ವೈರಸ್ ಕಣಗಳಿರುವ ದ್ರವವನ್ನು ಸಂಗ್ರಹಿಸುತ್ತಾರೆ. ಕಣದೊಳಗೆ ತುಂಬಿಕೊಳ್ಳುವಂತೆ ರೂಪಿಸಿರುವುದು ಕೊನೆಯ ಪ್ಲಾಸ್ಮಿಡ್‌ನ ಆರ್‌ಎನ್‌ಎಯನ್ನು ಮಾತ್ರ. ಹೊಸ ಕಣ ಕಟ್ಟುವ ಜೀನ್‌ಗಳೇ ಅದರಲ್ಲಿಲ್ಲ. ಹಾಗಾಗಿ ಹೊಕ್ಕ ಕೋಶದಲ್ಲೇ ಅದರ ಪಯಣ ಮುಗಿಯುತ್ತದೆ.

ಗುರಿಯ ಜೀನ್ ಅಳಿಯುವುದೂ ಇಲ್ಲ. ಡೈಸರ್ ಕಿಣ್ವ ಹೇರ್‌ಪಿನ್ ಅನ್ನು ಸುಮಾರು 21 ನ್ಯೂಕ್ಲಿಯೊಟೈಡ್ (ಆರ್‌ಎನ್‌ಎಯ ಅಕ್ಷರ) ಉದ್ದಕ್ಕೆ ಕತ್ತರಿಸುತ್ತದೆ. ಅದರ ಒಂದು ಎಳೆ ರಿಸ್ಕ್ ಎಂಬ ಪ್ರೋಟೀನ್ ಸಂಕೀರ್ಣಕ್ಕೆ ದಾರಿ ತೋರುತ್ತದೆ, ರಿಸ್ಕ್ ಆ ಎಳೆಗೆ ಹೊಂದುವ ಎಂಆರ್‌ಎನ್‌ಎಯನ್ನು (ಪ್ರೋಟೀನ್ ತಯಾರಿಸಲು ಜೀನ್‌ನಿಂದ ಬರುವ ಸಂದೇಶ) ತುಂಡರಿಸುತ್ತದೆ. ಪ್ರೋಟೀನ್ ಕಡಿಮೆಯಾಗುತ್ತದೆ, ಪೂರ್ತಿ ಇಲ್ಲವಾಗುವುದು ಅಪರೂಪ. ದೀರ್ಘಾಯುಷಿ ಪ್ರೋಟೀನಾದರೆ ಎರಡನೇ ದಿನದ ವೆಸ್ಟರ್ನ್ ಬ್ಲಾಟ್ ಎಂಬ ಪ್ರೋಟೀನ್ ಪರೀಕ್ಷೆಯಲ್ಲಿ ಏನೂ ಬದಲಾಗಿಲ್ಲವೆಂದೇ ಕಾಣಬಹುದು.

ಸಂಶೋಧಕರಿಗೆ ನಿಜವಾದ ತಲೆನೋವು ಬೇರೆ: ಆ ಎಳೆಯ 2ರಿಂದ 8ನೇ ಅಕ್ಷರಗಳು ಮಾತ್ರ ಹೊಂದಿದರೂ ಸಂಬಂಧವಿಲ್ಲದ ಜೀನ್‌ಗಳು ತಗ್ಗಬಹುದು. ಆದ್ದರಿಂದ ಕನಿಷ್ಠ ಎರಡು ಬೇರೆ ಹೇರ್‌ಪಿನ್, ಹೋಲಿಕೆಗೆ ಯಾವ ಜೀನನ್ನೂ ಗುರಿಯಾಗಿಸದ ಕಂಟ್ರೋಲ್ ಹೇರ್‌ಪಿನ್ ಬೇಕೇಬೇಕು; ಸಾಧ್ಯವಾದರೆ ಹೇರ್‌ಪಿನ್‌ಗೆ ಸಿಗದಂತೆ ಬದಲಿಸಿದ ಜೀನ್ ಸೇರಿಸಿ, ಕಳೆದ ಪ್ರೋಟೀನನ್ನು ಮರಳಿ ತುಂಬಿಯೂ ನೋಡಬೇಕು. ಒಂದೇ ಹೇರ್‌ಪಿನ್‌ನ ಫಲಿತಾಂಶವನ್ನು ನಂಬಬಾರದು.

ಅಪಾಯವೇ ಇಲ್ಲವೆಂದಲ್ಲ. ವೆಕ್ಟರ್ ಡಿಎನ್‌ಎಯೊಳಗೆ ಸೇರಿಕೊಳ್ಳುತ್ತದೆ, ವಿಎಸ್‌ವಿ-ಜಿ ಹಲವು ಬಗೆಯ ಕೋಶಗಳಿಗೆ ಅದನ್ನು ಒಯ್ಯಬಲ್ಲದು. ಸೂಜಿ ಚುಚ್ಚಿದರೆ ಕೆಲಸ ಮಾಡುವವರದೇ ಕೋಶಗಳಿಗೆ ತಗಲಬಹುದು. ಜೈವಿಕ ಸುರಕ್ಷತೆಯ 2ನೇ ಹಂತದ ನಿಯಮಗಳನ್ನು ಪಾಲಿಸುವುದು ಅದಕ್ಕಾಗಿಯೇ.